ಒರೆಸಿ ಹಾಕಿದ ಗೆರೆಗಳು

ಮಾರ್ಚ್ ೧೧, ಮಂಗಳವಾರ

ಆ ಗೆರೆಗಳು ಇನ್ನೂ ತಲೆ ತಿನ್ನುತ್ತಿವೆ.

ಧೂಮಕೇತುವಿಗೆ ಹತ್ತಿರವಾಗುತ್ತಿರುವ ನಮ್ಮ ನೌಕೆ ದಿನವೂ ಕಳಿಸುವ ಚಿತ್ರಗಳಿಂದ ಕ್ಯಾಮೆರಾದ ಕಲೆಗಳನ್ನು ಒರೆಸುವುದು ನನ್ನ ಕೆಲಸ. ಇಂದು ಬೆಳಿಗ್ಗೆ ಅವಸರದಲ್ಲಿ ಒರೆಸದ ಚಿತ್ರವನ್ನೇ ದೊಡ್ಡ ಪರದೆಗೆ ಹಾಕಿಬಿಟ್ಟೆ. ಧೂಮಕೇತುವಿನ ಮಸುಕು ಬೆಳಕಿನ ಸುತ್ತ ಕೂದಲೆಳೆಯಂಥ ಬಿಳಿ ಗೆರೆಗಳು. ನಾಲಿಗೆ ಕಚ್ಚಿಕೊಂಡು ತೆಗೆಯಹೋದೆ.

“ತಡಿ, ಮುಟ್ಬೇಡ,” ಎನ್ನುತ್ತ ನಮ್ಮ ತಂಡದ ಮುಖ್ಯಸ್ಥೆ ಎದ್ದು ಬಂದರು. “ಎಲ್ಲಾ ಒಂದೇ ಕಡೆ ವಾಲಿವೆ ನೋಡು. ಕಲೆ ಎಲ್ಲಾದ್ರೂ ಹೀಗಿರತ್ತಾ? ಇದು ಧೂಮಕೇತುವಿನ ಧೂಳು! ನಮ್ಮ ಪಕ್ಕದಲ್ಲೇ ಹಾರ್ತಿದೆ. ಇಷ್ಟು ದಿನ ಯಾಕೆ ಕಾಣ್ಲಿಲ್ಲ?”

“ನಾನೇ ಒರೆಸ್ತಿದ್ದೆ, ಮೇಡಂ.”

ಬೈಯುತ್ತಾರೆಂದುಕೊಂಡೆ. “ಇಷ್ಟು ಚೊಕ್ಕಟ ಮನೇಲೂ ಮಾಡ್ತೀಯಾ?” ಎಂದು ನಕ್ಕರು. ಆಮೇಲೆ ನಗು ನಿಂತಿತು. ಇನ್ನೂ ಹತ್ತಿರ ಹೋದರೆ ನೌಕೆ ಈ ಧೂಳಿನ ಪೆಟ್ಟು ತಾಳೀತೇ ಎಂದು ನಾಳೆಯೊಳಗೆ ಲೆಕ್ಕ ಹಾಕಬೇಕು.

ನಾಚಿಕೆ ಆಗಬೇಕಿತ್ತು, ಕುತೂಹಲವೇ ಹೆಚ್ಚಾಗಿದೆ. ಮನೆಗೆ ಹೊರಡುವ ಮುಂಚೆ ಮೊದಲ ದಿನದ ಮೂಲ ಚಿತ್ರ ತೆರೆದೆ. ಅಷ್ಟು ದೂರದಲ್ಲೂ ಮೂರು ಗೆರೆಗಳು, ಅದೇ ಕಡೆ ವಾಲಿಕೊಂಡು.

ಈಗ ಈ ಪುಸ್ತಕದಲ್ಲೇ ಹಿಂದಿನ ಪುಟ ತಿರುವಿ ಆ ದಿನ ಏನು ಬರೆದಿದ್ದೆ ನೋಡಿದೆ: “ಚಿತ್ರ ಚೊಕ್ಕವಾಗಿ ಬಂದಿದೆ. ಇನ್ನೂ ಏನೂ ಇಲ್ಲ.”