ಮುನೇಶ್ವರ ಕುಡಿದ ಸಾರಾಯಿಗೆ ಮುನಿವೆಂಕಟಪ್ಪನ ಲೈಸೆನ್ಸು

ಜಿಲ್ಲೆಯ ಮೋಟಾರು ಲೈಸೆನ್ಸು ಅಧಿಕಾರಿಗಳಿಗೆ, ಆವತಿಯಿಂದ

ಮಾನ್ಯರೇ,

ಕುಡಿದು ಬಸ್ಸು ಓಡಿಸಿದನೆಂಬ ಅಪರಾಧಕ್ಕಾಗಿ ನಮ್ಮೂರ ಬಸ್ಸಿನ ಡ್ರೈವರ್ ಮುನಿವೆಂಕಟಪ್ಪನ ಲೈಸೆನ್ಸನ್ನು ತಾವು ಒಂದು ವರ್ಷದ ಮಟ್ಟಿಗೆ ಕಿತ್ತುಕೊಂಡಿದ್ದೀರಿ. ಅವನು ಕುಡಿದಿರಲಿಲ್ಲ. ಇಷ್ಟೇ ನನ್ನ ದೂರು. ಇದನ್ನೇ ಬರೆದು ಅರ್ಜಿ ಹಾಕಿದ್ದೆ. ‘ಪರಿಶೀಲನೆಯಲ್ಲಿದೆ’ ಎಂದು ತಮ್ಮ ಕಚೇರಿಯಿಂದ ಉತ್ತರ ಬಂತು. ಪರಿಶೀಲನೆ ಎಷ್ಟು ಆಳಕ್ಕೆ ಇಳಿದಿದೆಯೋ ತಿಳಿಯದು, ಮೇಲಕ್ಕಂತೂ ಬಂದಿಲ್ಲ. ಆದ್ದರಿಂದ ನಾಲ್ಕು ಜನ ಓದಲೆಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ತಾವು ಹೊರಗಿನಿಂದ ಬಂದವರು. ನಮ್ಮ ಕೆರೆ ಏರಿಯ ತಿರುವಿನಲ್ಲಿ ಕಲ್ಲಾಗಿ ನಿಂತಿರುವ ಮುನೇಶ್ವರನ ಪರಿಚಯ ತಮಗಿರಲಾರದು. ನಮ್ಮ ತಾತ ಬೆಲ್ಲದ ಗಾಡಿ ಕಟ್ಟಿಕೊಂಡು ಬೆಂಗಳೂರು ಪೇಟೆಗೆ ಹೋಗುತ್ತಿದ್ದ ಕಾಲದಿಂದಲೂ ಆ ಕಲ್ಲಿನ ಮುಂದೆ ಗಾಡಿ ನಿಲ್ಲಿಸಿ, ನಿಂಬೆಹಣ್ಣು ಕೊಯ್ದು, ಒಂದು ಕುಡಿಕೆ ಸಾರಾಯಿಯನ್ನು ಕಲ್ಲಿಗೂ ಚಕ್ರಕ್ಕೂ ಸುರಿಯುವುದು ವಾಡಿಕೆ. ಮೋಟಾರು ಬಂತು, ಯುದ್ಧ ಬಂತು, ಪೆಟ್ರೋಲು ಹೋಗಿ, ಇದ್ದಿಲು ಉರಿಸಿದ ಅನಿಲದಿಂದ ಓಡುವ ಬಸ್ಸು ಬಂತು. ಮುನೇಶ್ವರನ ಪಾಲು ಮಾತ್ರ ತಪ್ಪಿಲ್ಲ. ಮಂಗಳವಾರ ಮಂಗಳವಾರ ಡ್ರೈವರ್ ಇಳಿದು ಸುರಿಯುತ್ತಾನೆ, ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಂಡು ಸ್ಟೀರಿಂಗಿಗೆ ಸವರುತ್ತಾನೆ, ಬಸ್ಸು ಹೊರಡುತ್ತದೆ. ಕುಡಿಯುವುದು ಮುನೇಶ್ವರನ ಕೆಲಸ, ಓಡಿಸುವುದು ಡ್ರೈವರನ ಕೆಲಸ. ಈ ಹಂಚಿಕೆಯಿಂದ ನನಗೆ ತಿಳಿದಂತೆ ಯಾವ ಗಾಡಿಯೂ ಏರಿಯಿಂದ ಉರುಳಿಲ್ಲ.

ಅಂಥ ಒಂದು ಮಂಗಳವಾರ, ಹೊಸದಾಗಿ ವರ್ಗವಾಗಿ ಬಂದ ಪೊಲೀಸ್ ದಫೇದಾರರು ಏರಿಯ ಆಚೆ ಬಸ್ಸು ನಿಲ್ಲಿಸಿದರು. ಕಿಟಕಿಯಲ್ಲಿ ಮೂಗು ತೂರಿಸಿ, “ಏನಯ್ಯಾ, ಕುಡಿದಿದ್ದೀಯಾ?” ಎಂದು ಕೇಳಿದರು.

“ನಾನಲ್ಲ ಸ್ವಾಮಿ, ಮುನೇಶ್ವರ ಕುಡ್ದವ್ನೆ” ಎಂದ ಮುನಿವೆಂಕಟಪ್ಪ.

ಬಸ್ಸಿನಲ್ಲಿದ್ದ ನಾವೆಲ್ಲ ನಕ್ಕುಬಿಟ್ಟೆವು. ಆ ನಗುವೇ ಅವನಿಗೆ ಮುಳುವಾಯಿತು. ಸೊಪ್ಪಿನ ಬುಟ್ಟಿ ಹಿಡಿದು ಕೂತಿದ್ದ ಅಕ್ಕಯಮ್ಮ ಸುಮ್ಮನಿರಬಾರದೆ? “ಬುದ್ಧೀ, ಸಾರಾಯಿ ಇರೋದು ಚಕ್ರದ ಮ್ಯಾಗೆ. ಚಕ್ರನ್ನೇ ಹಿಡ್ಕಂಡೋಗಿ” ಎಂದಳು. ದಫೇದಾರರು ಡ್ರೈವರನನ್ನು ಹಿಡಿದುಕೊಂಡು ಹೋದರು. ಅವರು ಸೈಕಲ್ಲಿನ ಮೇಲೆ, ಇವನು ಪಕ್ಕದಲ್ಲಿ. ದೇವನಹಳ್ಳಿಯ ಆಸ್ಪತ್ರೆಯವರೆಗೂ ನೆಟ್ಟಗೆ ನಡೆದುಕೊಂಡು ಹೋದವನ ಕೈಯನ್ನು ಮೂಸಿ ನೋಡಿ, ‘ಮದ್ಯದ ವಾಸನೆ ಇದೆ’ ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿಯ ಮೇಲೆ ಕೋರ್ಟಿನಲ್ಲಿ ದಂಡವಾಯಿತು. ದಂಡದ ಮೇಲೆ ತಾವು ಲೈಸೆನ್ಸು ಕಿತ್ತುಕೊಂಡಿರಿ. ಒಬ್ಬರಾದರೂ, ‘ಬಾಯಿ ತೆರೆಯಪ್ಪಾ’ ಎಂದು ಕೇಳಿದ್ದುಂಟೆ? ವಾಸನೆಯೇ ಅಪರಾಧವಾದರೆ, ಸಾರಾಯಿ ಗುತ್ತಿಗೆ ಹರಾಜಾಗುವ ದಿನ ತಾಲ್ಲೂಕು ಕಚೇರಿಯ ಮುಂದೆ ಬಂದು ನಿಲ್ಲಿ. ಇಡೀ ಸರ್ಕಾರದ ಲೈಸೆನ್ಸು ಕಿತ್ತುಕೊಳ್ಳಬೇಕಾದೀತು.

ಈಗ ಮುನಿವೆಂಕಟಪ್ಪ ಅದೇ ಬಸ್ಸಿನ ಹಿಂದೆ ನಿಂತು ಇದ್ದಿಲಿನ ಒಲೆಗೆ ಗಾಳಿ ಊದುವ ಚಕ್ರ ತಿರುವುತ್ತಾನೆ. ಅವನ ಹೆಂಡತಿ ಲಕ್ಕಮ್ಮ ಕುಂದಾಣದ ಹೊಲಗಳಿಗೆ ಕಳೆ ಕೀಳಲು ಹೋಗುತ್ತಾಳೆ. ಕಾಯಿದೆ ಎಲ್ಲರಿಗೂ ಒಂದೇ ಆಗಿದ್ದರೆ ನಾನು ಇದನ್ನೂ ನುಂಗಿಕೊಳ್ಳುತ್ತಿದ್ದೆ.

ಆದರೆ ಕಳೆದ ಭಾನುವಾರ ಮಧ್ಯಾಹ್ನ, ಬೆಟ್ಟದ ಕಡೆಯಿಂದ ಬಂದ ಒಂದು ಕಾರು ಮುನೇಶ್ವರನಿಗೆ ಏನನ್ನೂ ಕೊಡದೆ ತಿರುವು ದಾಟಿ, ನೇರವಾಗಿ ಕೆರೆಯ ಕಾಲುವೆಗೆ ಮೂತಿಯಿಟ್ಟಿತು. ಹಿಂದೆಯೇ ನಮ್ಮ ಬಸ್ಸು ಬಂತು. ಒಳಗಿದ್ದ ಸಾಹೇಬರು ಒಬ್ಬರೇ, ತಾವೇ ಓಡಿಸುತ್ತಿದ್ದರು. ಅವರನ್ನು ಇಳಿಸಿದಾಗ ಅವರು ಅಕ್ಕಯಮ್ಮನಿಗೆ ಕೈಮುಗಿದು, ದೇವಸ್ಥಾನದ ಬಾಗಿಲು ಯಾವಾಗ ತೆಗೆಯುತ್ತೀರಿ ಎಂದು ಕೇಳಿದರು. ವಾಸನೆಯ ವಿಷಯ ನಾನು ಬರೆಯುವುದಿಲ್ಲ, ನಾನು ಡಾಕ್ಟರಲ್ಲ. ಅಷ್ಟರಲ್ಲಿ ಅದೇ ದಫೇದಾರರು ಬಂದರು. ಅವರಿಗೆ ಅಂದು ನೆಗಡಿಯಿದ್ದಿರಬೇಕು, ಮೂಗು ಕೆಲಸ ಮಾಡಲಿಲ್ಲ. ನಾವು ಕಾರನ್ನು ತಳ್ಳಿ ಮೇಲೆ ತಂದೆವು, ಸಾಹೇಬರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಓಡಿಸುವವರು ಯಾರು? ಹೊಸ ಡ್ರೈವರ್ ಬಸ್ಸು ಬಿಟ್ಟು ಬರುವಂತಿರಲಿಲ್ಲ.

“ಲೇ ಮುನಿವೆಂಕಟಪ್ಪ, ಬಾರೋ ಇಲ್ಲಿ. ಸಾಹೇಬ್ರಿಗೆ ತಲೆಸುತ್ತು. ಬಂಗ್ಲೆ ಮುಟ್ಟಿಸ್ಬಿಟ್ಟು ಬಾ” ಎಂದರು ದಫೇದಾರರು.

“ನನ್ತಾವ ಲೈಸೆನ್ಸು ಇಲ್ವಲ್ಲ ಸ್ವಾಮಿ. ಸಾಹೇಬ್ರೇ ಕಿತ್ಕಂಡವ್ರೆ.”

“ಕಿತ್ಕಂಡೋರು ಕಾರಲ್ಲೇ ಅವ್ರೆ. ಲೈಸೆನ್ಸೂ ಕಾರಲ್ಲೇ ಐತೆ ಅಂದ್ಕೊಂಡು ಹತ್ತೋ.”

ಹೌದು ಮಾನ್ಯರೇ, ಹಿಂದಿನ ಸೀಟಿನಲ್ಲಿ ಮಲಗಿದ್ದವರು ತಾವು. ಕೈಗೆ ಸಾರಾಯಿ ತಾಗಿದವನ ಲೈಸೆನ್ಸು ಕಿತ್ತುಕೊಂಡ ತಾವು, ಅದೇ ಕೈಗೆ ತಮ್ಮ ಪ್ರಾಣ ಒಪ್ಪಿಸಿ ಗೊರಕೆ ಹೊಡೆಯುತ್ತ ಬಂಗಲೆ ಸೇರಿದಿರಿ. ಕುಡಿಯುವುದನ್ನೂ ಓಡಿಸುವುದನ್ನೂ ಒಬ್ಬರೇ ವಹಿಸಿಕೊಂಡರೆ ಕೆಲಸದ ಭಾರ ಹೆಚ್ಚಾಗುತ್ತದೆ. ಮುನೇಶ್ವರನನ್ನು ಕೇಳಿದ್ದರೆ ಹೇಳುತ್ತಿದ್ದ.

ನನ್ನ ಬೇಡಿಕೆ ಸಣ್ಣದು. ಮುನಿವೆಂಕಟಪ್ಪನ ಲೈಸೆನ್ಸನ್ನು ಹಿಂದಿರುಗಿಸಿ. ಅದು ಆಗದೆಂದಾದರೆ, ಕಾಯಿದೆಯ ಮೇಲೆ ಅಷ್ಟೊಂದು ಭಕ್ತಿಯಿರುವ ತಾವು, ಲೈಸೆನ್ಸಿಲ್ಲದೆ ಭಾನುವಾರ ಕಾರು ಓಡಿಸಿದನೆಂದು ಅವನ ಮೇಲೆ ಹೊಸ ಕೇಸು ಹಾಕಿಸಿ. ಅವನು ತಪ್ಪೊಪ್ಪಿಕೊಳ್ಳುತ್ತಾನೆ, ನಾನು ಮಾತಾಡಿ ಒಪ್ಪಿಸಿದ್ದೇನೆ. ನಾನೂ ಅಕ್ಕಯಮ್ಮನೂ ಸಾಕ್ಷಿಗೆ ಬರುತ್ತೇವೆ. ಕಾರು ಯಾರದು, ಅದರಲ್ಲಿ ಯಾರಿದ್ದರು, ಅವರೇ ಏಕೆ ಓಡಿಸಲಿಲ್ಲ ಎಂದು ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ಒಂದು ಬಸ್ಸಿನಷ್ಟು ಜನ ಒಟ್ಟಿಗೆ ಉತ್ತರ ಹೇಳಲು ಕಾದಿದ್ದಾರೆ.

ಕಾಲುವೆಯಲ್ಲಿ ಬಿದ್ದುಹೋದ ತಮ್ಮ ಜರಿಪೇಟ ನಮ್ಮ ಮನೆಯಲ್ಲಿದೆ. ಅಕ್ಕಯಮ್ಮ ಅದನ್ನು ಒಗೆದು, ಒಣಗಿಸಿ, ಮಡಿಸಿ ಕೊಟ್ಟಿದ್ದಾಳೆ. ತೆಗೆದುಕೊಂಡು ಹೋಗಲು ಬರುವಾಗ ಲೈಸೆನ್ಸು ತನ್ನಿ. ದಯವಿಟ್ಟು ಬಸ್ಸಿನಲ್ಲೇ ಬನ್ನಿ.

ಇಂತಿ,
ತಮ್ಮ ಕಾರನ್ನು ಹಿಂದಿನಿಂದ ತಳ್ಳಿ ಸೊಂಟ ಹಿಡಿದುಕೊಂಡಿರುವ
ವೆಂಕಟರಾಯಪ್ಪ, ಆವತಿ