ಸೀಮೆಸುಣ್ಣದ ಗುರುತು

ಮನೆಯಿಂದ,
ಭಾನುವಾರ, ಹನ್ನೆರಡನೇ ತಾರೀಕು

ನನ್ನ ದೊಡ್ಡ ಮಗನಿಗೆ ಅಮ್ಮನ ತುಂಬು ಪ್ರೀತಿ.

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ, ಇನ್ನೂ ನಿನ್ನನ್ನೇ ನೆಚ್ಚಿಕೊಂಡಿದೆಯೋ? ಹಡಗುಕಟ್ಟೆಯ ಗಾಳಿಗೆ ಎದೆ ಮುಚ್ಚಿಕೊಂಡು ಓಡಾಡು. ಹೊಟ್ಟೆ ತುಂಬ ಉಣ್ಣು. ನಿನ್ನ ಅಡುಗೆಯ ಮೇಲೆ ನನಗೆ ನಂಬಿಕೆಯಿಲ್ಲ, ಆದರೂ ಹಸಿದವನಿಗೆ ರುಚಿ ಬೇಡವಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಇನ್ನು ನಿಮ್ಮಪ್ಪನ ಸುದ್ದಿ. ರಂಗಮಂದಿರದ ಕೆಲಸದಿಂದ ನಿವೃತ್ತರಾದ ಮೇಲೆ ಸುಮ್ಮನೆ ಕೂರುತ್ತಾರೆ ಅಂದುಕೊಂಡಿದ್ದೆ. ಕೂರಲಿಲ್ಲ. ಪ್ರತಿ ಆಟ ಮುಗಿದ ಮೇಲೆ ಕುರ್ಚಿ, ಹೂಜಿ, ಕತ್ತಿ ಎಲ್ಲವನ್ನೂ ಸೀಮೆಸುಣ್ಣದ ಗುರುತಿನ ಮೇಲೆ ಮೊದಲಿದ್ದ ಹಾಗೇ ಇಟ್ಟು ಬರುತ್ತಿದ್ದರಲ್ಲ, ಈಗ ಅದನ್ನೇ ಮನೆಯಲ್ಲಿ ಶುರು ಮಾಡಿದ್ದಾರೆ. ನಿನ್ನ ತಂಗಿ, ನಮ್ಮ ಚೂಟಿ, ತೀರಿಕೊಂಡ ಆ ಬೆಳಿಗ್ಗೆ ಮನೆ ಹೇಗಿತ್ತೋ ಹಾಗೇ. ಗೋಡೆಗೆ ಮತ್ತೆ ಅದೇ ಹಸಿರು ಬಣ್ಣ. ಪರದೆಯನ್ನು ಕತ್ತರಿಸಿ ನಾನು ಯಾವತ್ತೋ ಚೀಲ ಹೊಲಿದಿದ್ದೆ. ಚೀಲ ಬಿಚ್ಚಿಸಿ ಮತ್ತೆ ಪರದೆ ಮಾಡಿಸಿದರು, ಹಿಡಿಕೆ ಹೊಲಿದ ತೂತುಗಳು ಇನ್ನೂ ಕಾಣುತ್ತವೆ. ಅವಳ ಚಪ್ಪಲಿ ಒಂದು ಬಾಗಿಲ ಬಳಿ, ಇನ್ನೊಂದು ಮಂಚದ ಕೆಳಗೆ. ನೆಲದ ತುಂಬ ಗುರುತು. ಅಪ್ಪ ಹಾಕಿದ ಗೆರೆ ದಾಟಬಾರದು ಅನ್ನುವುದು ನಮ್ಮ ಮನೆಯಲ್ಲಿ ಈಗ ಬರೀ ಮಾತಲ್ಲ, ಕಾಲು ತಗುಲಿದರೆ ಬೈಸಿಕೊಳ್ಳುತ್ತೇನೆ.

ಎದುರುಮನೆಯ ವಿಜ್ಞಾನದ ಮೇಷ್ಟ್ರು ಬಂದು ತಿಳಿಹೇಳಿದರು. ಕಾಲದಲ್ಲಿ ಹಿಂದಕ್ಕೆ ಹೋಗಲು ದಾರಿ ಸಿಕ್ಕರೂ ಆದದ್ದನ್ನು ಬದಲಿಸಲಾಗದಂತೆ. ನೀವು ಹೋಗಿ ಅವಳನ್ನು ತಡೆಯುವ ಹಾಗಿದ್ದರೆ ಅವತ್ತೇ ತಡೆದಿರುತ್ತಿದ್ದಿರಿ, ಅವಳು ಇಲ್ಲವೆಂದರೆ ಯಾರೂ ಹೋಗಿ ತಡೆದಿಲ್ಲ ಎಂದೇ ಅರ್ಥ, ಅಂದರು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ನಮ್ಮಜ್ಜಿ ಇದನ್ನೇ ಪುಸ್ತಕ ಓದದೆ ಹೇಳುತ್ತಿದ್ದಳು. ನಿಮ್ಮಪ್ಪ ಎಲ್ಲ ಕೇಳಿಸಿಕೊಂಡು, "ಮೇಷ್ಟ್ರೇ, ನಮ್ಮ ನಾಟಕದಲ್ಲಿ ದಿನಾ ರಾಣಿ ಸಾಯ್ತಿದ್ಲು. ಮಾರನೇ ದಿನ ಸಾಮಾನೆಲ್ಲ ಜಾಗಕ್ಕೆ ಬಂದ್ರೆ ಅವಳೂ ಬರ್ತಿದ್ಲು" ಅಂದರು. ಮೇಷ್ಟ್ರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ನಗಬೇಡ. ನಾನೂ ಮೊದಲು ನಕ್ಕೆ. ಆಮೇಲೊಂದು ಬೆಳಿಗ್ಗೆ ಆ ಪರದೆಯ ಬೆಳಕಿನಲ್ಲಿ ಚಪ್ಪಲಿ ಕಂಡು, ಜೋಡಿಸಿಡಬಾರದೇನೇ ಅಂತ ಕೂಗಿಬಿಟ್ಟೆ. ಎಷ್ಟು ವರ್ಷವಾಗಿತ್ತೋ ಅವಳನ್ನು ಬೈದು. ಆ ದಿನವೆಲ್ಲ ಮನಸ್ಸು ಹಗುರವಾಗಿತ್ತು, ಸಂಜೆಗೆ ತಡೆಯಲಾರದೆ ಅತ್ತೆ.

ಈಗ ಖಾಲಿ ಉಳಿದಿರುವುದು ಒಂದೇ ಗುರುತು, ಬಚ್ಚಲ ಕನ್ನಡಿಯ ಮುಂದಿನದು. ಅದು ನಿನ್ನದು. ಅವತ್ತು ನೀನು ಅಲ್ಲಿ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದೆ. ತಾರಸಿಯ ತೊಟ್ಟಿ ತುಂಬಿ ಹರಿಯುತ್ತಿದೆ, ಹೋಗಿ ನಲ್ಲಿ ನಿಲ್ಲಿಸು ಅಂತ ಅಪ್ಪ ನಿನಗೆ ಹೇಳಿದರು. ಮುಖದ ತುಂಬ ಸೋಪಿದೆ ಅಂದೆ ನೀನು. ನಾನೇ ಹೋಗ್ತೀನಿ ಅಂತ ಚೂಟಿ ಬರಿಗಾಲಲ್ಲಿ ಓಡಿದಳು. ಮೇಲೆ ಪಾಚಿ, ಮೋಟು ಗೋಡೆ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಅಂತ ಪ್ರತಿ ಕಾಗದದಲ್ಲೂ ಬರೆದಿದ್ದೇನೆ, ಇದರಲ್ಲೂ ಬರೆಯುತ್ತೇನೆ. ನೀನು ಒಂದು ಬೆಳಿಗ್ಗೆ ಬಂದು ಅಲ್ಲಿ ನಿಂತರೆ ಸಾಕಂತೆ. ಹೋದ ಸಲ ಬಂದಾಗ ನಿನ್ನ ಮುಖವನ್ನೂ ನೋಡದ ಮನುಷ್ಯ ಈಗ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಈಗಷ್ಟೇ ಪಕ್ಕದಲ್ಲಿ ಬಂದು ಕೂತು ಬರೆಸುತ್ತಿದ್ದಾರೆ: ರಜೆ ಹಾಕಿ ಬಾ, ಹಳೆಯ ನೀಲಿ ಬನಿಯನ್ ಇದ್ದರೆ ಅದನ್ನೂ ತಾ.

ಮೈ ಕಾಪಾಡಿಕೋ. ನೂರು ಕಾಲ ಬಾಳು.

ನಿನ್ನ
ಅಮ್ಮ

ತಾ. ಕ. ಅಪ್ಪ ಅಂಚೆಚೀಟಿ ತರಲು ಹೋಗಿದ್ದಾರೆ, ಅವರು ಬರುವಷ್ಟರಲ್ಲಿ ಬೇಗ ಬೇಗ ಇದನ್ನು ಬರೆಯುತ್ತಿದ್ದೇನೆ. ಹೊರಡುವಾಗ ಕೇಳಿದೆ, ಅವನು ಬಂದ ಮೇಲೆ ಏನು ಬದಲಿಸುತ್ತೀರಿ ಅಂತ. "ಒಂದೇ ಒಂದು. ಈ ಸಲ ಮೇಲಕ್ಕೆ ಅವನು ಹೋಗ್ತಾನೆ, ಬರಿಗಾಲಲ್ಲಿ" ಅಂದರು. ಮಂಡಿ ಹಿಡಿದುಕೊಂಡು ಈಗ ತಾರಸಿ ಹತ್ತಿ ನೋಡಿ ಬಂದೆ. ನೀರು ಬಿಟ್ಟು ಪಾಚಿ ಬೆಳೆಸಿದ್ದಾರೆ ಕಣೋ. ಚೂಟಿ ಹೋದ ಮೇಲೆ ಎತ್ತರಿಸಿದ್ದ ಗೋಡೆಯನ್ನು ಒಡೆದು ಮತ್ತೆ ಮೋಟು ಮಾಡಿದ್ದಾರೆ. ಅವರು ಹಾಗಂದಾಗ ನಾನು ಬೇಡ ಅನ್ನಬೇಕಿತ್ತು. ಬಾಯಿ ತೆರೆದೆ, ಚಪ್ಪಲಿ ಕಣ್ಣಿಗೆ ಬಿತ್ತು, ಬೇಡ ಅನ್ನಲಿಲ್ಲ. ನೀನು ಬರಬೇಡ. ಅವರು ಕರೆದರೂ ಬರಬೇಡ, ಇನ್ನು ಮುಂದೆ ನಾನು ಕರೆದರೂ ಬರಬೇಡ.