ಮೊದಲ ಸಾಲು ಮತ್ತು ಉಳಿದ ವರ್ಷ

ಹೆಗ್ಗೋಡು,
೩-೧೧-೧೯೭೬

ಪ್ರೀತಿಯ ಹೂವಕ್ಕಾ,

ಮುಕುಂದಯ್ಯ ಒಡೆಯರು ಅಪ್ಪ ಕೊಟ್ಟ ಮರ್ಯಾದೆಯನ್ನೇ ಅಪ್ಪನ ವಿರುದ್ಧ ಸಾಕ್ಷಿಗೆ ನಿಲ್ಲಿಸಿದರು. ಇದನ್ನು ಹೇಳದೆ ಪೆನ್ನು ಮುಂದಕ್ಕೆ ಹೋಗದು. ನಿನ್ನ ಮೊಣಕಾಲ ನೋವು ಹೇಗಿದೆ? ತುಮರಿಯ ಥಂಡಿಗೆ ಮಗುವಿನ ಕೆಮ್ಮು ಹೆಚ್ಚಿಲ್ಲ ತಾನೆ? ಅವ್ವ ಚೆನ್ನಾಗಿದ್ದಾಳೆ. ಅಪ್ಪ ಮಾತ್ರ ಶುಕ್ರವಾರದಿಂದ ಗದ್ದೆಯ ಕಡೆ ಹೋಗಿಲ್ಲ.

ಅವತ್ತು ಭೂ ನ್ಯಾಯಮಂಡಳಿಯಲ್ಲಿ ನಮ್ಮ ಗೇಣಿ ಗದ್ದೆಯ ವಿಚಾರಣೆಯಿತ್ತು. ಹೂಡಿದವರು ಯಾರೆಂದು ಒಡೆಯರ ಕಡೆಯವರು ಕೇಳಿದರು. ಯುಗಾದಿಯ ದಿನ ಒಡೆಯರು ನೇಗಿಲು ಹಿಡಿದು ಒಂದು ಸಾಲು ಹೊಡೆಯುವ ಪದ್ಧತಿ ನಿನಗೆ ಗೊತ್ತಲ್ಲ. ಅಪ್ಪ ಕೈಮುಗಿದು, “ಒಡೇರೇ ಹೂಡಿದ್ದು. ಅವ್ರ ಕೈ ಬೀಳ್ದೆ ನಾವು ನೇಗ್ಲು ಮುಟ್ತೀವಾ?” ಎಂದ. ಮೊದಲ ಮಾತು ಕಾಗದಕ್ಕಿಳಿಯಿತು, ಎರಡನೆಯದಕ್ಕೆ ನಗು ಸಿಕ್ಕಿತು. ಪಕ್ಕದ ಗದ್ದೆಯ ಮಾಸ್ತಪ್ಪಣ್ಣನಿಗೆ, ಅಪ್ಪ ಉಳುವುದನ್ನು ಯಾವ ತಾರೀಖು ಕಂಡೆ ಎಂಬ ಪ್ರಶ್ನೆ. “ದಿನಾ ಕಾಣೋದನ್ನ ಯಾವ ದಿನ ಕಂಡೆ ಅಂತ ಹೇಳ್ಲಿ ಮಾರಾಯ್ರೆ?” ಎಂದು ಅವನು ಬೆವರಿದ. ಒಡೆಯರ ಒಂದು ದಿನಕ್ಕೆ ತಾರೀಖಿದೆ. ನಮ್ಮ ಇಪ್ಪತ್ತು ವರ್ಷಕ್ಕೆ ಇಲ್ಲ.

ನನ್ನ ಹತ್ತಿರವಿರುವ ಕರಪತ್ರವೊಂದರಲ್ಲಿ ಹೀಗಿದೆ: ಹರಿಯುವುದನ್ನು ನಿಲ್ಲಿಸಿ ತೋರಿಸು ಎನ್ನುವವನಿಗೆ ಹೊಳೆ ಕಾಣಬೇಕಾಗಿಲ್ಲ. ನಿಜ, ಆದರೆ ಅದರಿಂದ ಗದ್ದೆ ಉಳಿಯುವುದಿಲ್ಲ. ಅವರು ದಿನ ಕೇಳಿದರೆ ನಾವೂ ದಿನ ಕೊಡೋಣ. ಭೂಮಿ ಹುಣ್ಣಿಮೆಗೆ ಬಸುರಿ ಗದ್ದೆಗೆ ಬಯಕೆಯೂಟ ಹೊತ್ತವರು ಯಾರು? ಒಡೆಯರ ಮನೆಯವರು ಒಮ್ಮೆಯೂ ಅಲ್ಲ. ಹನ್ನೆರಡನೇ ವಯಸ್ಸಿನಿಂದ ಆ ಊಟ ಹೊರುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದವಳು ನೀನು. ಹಿಂದಿನ ವರ್ಷದ್ದರ ಮೇಲೇ ಈ ವರ್ಷದ್ದು. ಅಂಚು ಒಡೆದಲ್ಲಿ ಪದರ ಎಣಿಸಬಹುದು. ಯುಗಾದಿಯ ಒಂದು ಸಾಲಿನಿಂದ ಹುಣ್ಣಿಮೆಯ ಹೊಡೆ ತೆನೆಗೆ ಭತ್ತ ತಾನಾಗಿ ಹಾರಿ ಬಂತೇ? ನಡುವೆ ಸೊಪ್ಪು ಹೊತ್ತವರು, ನೆಟ್ಟವರು, ಕಳೆ ಕಿತ್ತವರು ಯಾರೆಂದು ಅಲ್ಲಿ ಕೇಳುತ್ತೇನೆ. ಮದುವೆಯಾಗಿ ಹೋಗುವಾಗ ಆ ಬುಟ್ಟಿಯನ್ನು ನೀನು ಒಯ್ದಿದ್ದೀಯ. ಅದನ್ನು ಹಿಡಿದು ಸಾಕ್ಷಿಗೆ ಬಾ.

ಭಾವನಿಗೆ ನಮಸ್ಕಾರ, ಮಗುವಿನ ಕೆನ್ನೆಗೊಂದು ಮುತ್ತು.

ನಿನ್ನ ತಮ್ಮ,
ಜಟ್ಟಿಂಗಪ್ಪ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ: ಭಾವ ದುಡಿಯುವುದು ಒಡೆಯರ ಅಳಿಯನ ಗಿರಣಿಯಲ್ಲಿ. ನೀನು ಸಾಕ್ಷಿ ಹೇಳಿದರೆ ಆ ಕೆಲಸ ಹೋಗಬಹುದು. ಭಾವನಿಗೆ ತಿಳಿಸಿಯೇ ಬಾ, ಕದ್ದು ಬರಬೇಡ. ಬುಟ್ಟಿಯೊಂದನ್ನೇ ಕಳಿಸಲೂ ಬೇಡ, ಅದಕ್ಕೆ ಬಾಯಿಲ್ಲ. ಮುಂದಿನ ವಿಚಾರಣೆ ಹನ್ನೊಂದು ಗಂಟೆಗೆ. ಬೆಳಗಿನ ಮೊದಲ ಲಾಂಚು ಹಿಡಿ. ಹನ್ನೊಂದನೇ ತಾರೀಖು ಗುರುವಾರ, ಬೆಳಿಗ್ಗೆ ಹತ್ತಕ್ಕೆ, ಸಾಗರದ ಬಸ್ ನಿಲ್ದಾಣದಲ್ಲಿ ನಾನೂ ಅಪ್ಪನೂ ನಿಂತಿರುತ್ತೇವೆ.